ಎರಡು ಬುತ್ತಿ

ಕೊಲ್ಲಾಪುರ ಜೈಲು
ಆಗಸ್ಟ್ 24

ರುತುಜಾ,

ಮೊದಲು ಈ ಪತ್ರ ಓದಿ ಸಿಕ್ಕಾ ಒತ್ತುವ ಸಾಹೇಬರಿಗೆ ನಮಸ್ಕಾರ. ಸಾಹೇಬರೇ, ಇದರಲ್ಲಿ ಓಡಿಹೋಗುವ ವಿಚಾರ ಏನೂ ಇಲ್ಲ, ಅರ್ಜಿ ಹಾಕುವ ವಿಚಾರ ಅಷ್ಟೇ ಇದೆ.

ಇನ್ನು ನಿನಗೆ. ನಾನು ಆರಾಮ. ಮಂಡಿ ಸ್ವಲ್ಪ ನೋಯುತ್ತದೆ. ಇಲ್ಲಿಯ ಮಗ್ಗದ ಖಾತೆಯಲ್ಲಿ ಎಲ್ಲರೂ ನನ್ನನ್ನು ಉಸ್ತಾದ್ ಎನ್ನುತ್ತಾರೆ. ಯಡ್ರಾವದಲ್ಲಿ ಎಂಟು ಪವರ್‌ಲೂಮ್ ಒಬ್ಬನೇ ನಡೆಸಿದವನಿಗೆ ಇಲ್ಲಿಯ ಕೈಮಗ್ಗ ಒಂದು ಲೆಕ್ಕವೇ ಅಲ್ಲ.

ಸುದ್ದಿ ಕೇಳಿರಬೇಕು. ಹೈಕೋರ್ಟಿನ ಪೀಠ ಕೊಲ್ಲಾಪುರಕ್ಕೇ ಬಂತು. ಮುಂಬೈಯಲ್ಲಿದ್ದ ನನ್ನ ಅಪೀಲೂ ಇಲ್ಲಿಗೆ ಬರುತ್ತದಂತೆ. ಆದರೆ ಅಪೀಲಿಗೆ ಸರತಿ ಇರುತ್ತದೆ. ನಮ್ಮ ಬರಾಕಿನಲ್ಲಿ ಗುರುಸಿದ್ದ ಎಂಬ ಹಳೆಯ ಕೈದಿ ಇದ್ದಾನೆ, ಎಲ್ಲರ ಅರ್ಜಿ ಬರೆದುಕೊಡುತ್ತಾನೆ. ಅವನು ಹೇಳಿದ, ರಿಟ್ ಅಂತ ಒಂದು ಇದೆ, ಅದರಲ್ಲಿ ಹೈಕೋರ್ಟು ಯಾರಿಗೆ ಬೇಕಾದರೂ ನೇರ ಹುಕುಂ ಮಾಡಬಹುದು ಅಂತ. ನಾನೇ ಬರೆದೆ. ಮುಖ್ಯ ಭಾಗ ಕೆಳಗೆ ಇಳಿಸಿದ್ದೇನೆ, ತಪ್ಪಿದ್ದರೆ ತಿದ್ದು.

"ನಾನು ಸಿದ್ರಾಮ. ಯಡ್ರಾವದ ಮಗ್ಗದ ಶೆಡ್ಡಿನ ಮೇಸ್ತ್ರಿ, ಮುಕಾದಮ ಆಬಾಸಾಹೇಬರ ತಲೆ ಒಡೆದು ಕೊಂದೆ ಎಂದು ಹತ್ತು ವರ್ಷ ಶಿಕ್ಷೆ ಆಗಿದೆ. ಆ ದಿನ ನಾನು ಶೆಡ್ಡಿನಲ್ಲಿ ಇರಲಿಲ್ಲ. ಮಗಳಿಗೆ ಬಂದ ಒಂದು ಸಂಬಂಧದ ಬಗ್ಗೆ ಗುಟ್ಟಾಗಿ ವಿಚಾರಿಸಲು ಜಯಸಿಂಗಪುರಕ್ಕೆ ಹೋಗಿದ್ದೆ. ಹುಡುಗ ಕುಡಿಯುತ್ತಾನೋ ಇಲ್ಲವೋ ಎಂದು ಕೇಳಲು ಹೋದವನು ತನ್ನ ನಿಜವಾದ ಹೆಸರು ಹೇಳುವ ಪದ್ಧತಿ ನಮ್ಮಲ್ಲಿ ಇಲ್ಲ. ಚಹಾದ ಅಂಗಡಿಯವನಿಗೆ ನನ್ನ ಹೆಸರು ಬಾಳಗೊಂಡ ಎಂದು ಹೇಳಿದೆ. ಅವನು ಕೋರ್ಟಿಗೆ ಬಂದು ಪ್ರಾಮಾಣಿಕವಾಗಿ, ಅವತ್ತು ಬಂದವನು ಬಾಳಗೊಂಡ, ಮುಖ ನೆನಪಿಲ್ಲ ಎಂದ. ಶೆಡ್ಡಿನಲ್ಲಿ ನನ್ನ ಬದಲಿ ಒಬ್ಬನೇ ನಿಂತವನು ನನ್ನ ಹೆಂಡತಿಯ ತಮ್ಮ ಭೀಮಗೊಂಡ, ಅವನನ್ನು ಅಲ್ಲಿ ಬೇರೆ ಯಾರೂ ಕಂಡಿಲ್ಲ. ಬದಲಿ ಬಂದವನು ತನ್ನ ಹೆಸರು ಹಚ್ಚುವುದಿಲ್ಲ, ಕಾಯಂ ಕೆಲಸಗಾರನ ಹೆಸರಿನ ಮುಂದೆಯೇ ಹಜೇರಿ ಬೀಳುತ್ತದೆ. ಮಾಲಕರು ಫೋನ್ ಮಾಡಿದರೆ ಎತ್ತಲಿ ಎಂದು ನನ್ನ ಫೋನನ್ನೂ ಅವನಿಗೇ ಕೊಟ್ಟಿದ್ದೆ. ಹೀಗಾಗಿ ಹಜೇರಿಯಲ್ಲೂ ನಾನೇ, ಫೋನಿನ ಟವರಿನಲ್ಲೂ ನಾನೇ. ಹಿಂದಿನ ದಿನ ಜಗಳಾಡಿ, ತಲಿ ಒಡಿತೇನಿ ಎಂದು ನಾಲ್ಕು ಜನರ ಮುಂದೆ ಒದರಿದವನಂತೂ ನಾನೇ. ಭೀಮಗೊಂಡ ಪೊಲೀಸರ ಮುಂದೆ, ಅವತ್ತು ನಮ್ಮೂರು ಗಡಹಿಂಗ್ಲಜದಲ್ಲೇ ಇದ್ದೆ ಎಂದು ಬರೆಸಿದ. ಅವನನ್ನು ಹಿಡಿದು ತಂದು ಸತ್ಯ ಹೇಳಿಸಬೇಕೆಂದು ಹುಕುಂ ಮಾಡಬೇಕು."

ಹೇಗಿದೆ? ವಕೀಲರ ಹಂಗು ಬೇಕಾಗಿಲ್ಲ ನೋಡು.

ನಿಮ್ಮವ್ವ ನಾಗರ ಪಂಚಮಿಗೆ ತವರಿಗೆ ಹೋಗಿದ್ದಳೇ? ಹೋಗಲಿ, ತಡೆಯಬೇಡ.

ನಿನ್ನ ಅಪ್ಪ
ಸಿದ್ರಾಮ


ಇಚಲಕರಂಜಿ
ಸೆಪ್ಟೆಂಬರ್ 3

ಅಪ್ಪಾ,

ಅರ್ಜಿ ಮೂರು ಸಲ ಓದಿದೆ. ಅಕ್ಷರ ಚೆಂದ, ವಿಚಾರ ಸರಿಯಿಲ್ಲ. ದಯವಿಟ್ಟು ಕಳಿಸಬೇಡಿ. ಸರಕಾರದಿಂದ ನಿಮಗೆ ಕೊಟ್ಟ ವಕೀಲೆ ರುಪಾಲಿ ಮ್ಯಾಡಂ ಹತ್ತಿರ ಒಯ್ದು ಮರಾಠಿಯಲ್ಲಿ ಹೇಳಿದೆ. ಬಾಳಗೊಂಡನ ಜಾಗ ಬಂದಾಗ ಅವರಿಗೆ ನಗು ತಡೆಯಲಿಲ್ಲ. ಆಮೇಲೆ ಕನ್ನಡಕ ತೆಗೆದಿಟ್ಟರು. "ಥಾಂಬವಾ ತ್ಯಾಂನಾ" ಅಂದರು. ಅವರನ್ನು ನಿಲ್ಲಿಸಿ ಅಂತ.

ಅವರು ಹೇಳಿದ್ದು ಇಷ್ಟು. ರಿಟ್ ಎಂಬುದು ಅಸಾಧಾರಣ ಆದೇಶ. ಯಾರಾದರೂ ಅಧಿಕಾರಿ ತಾನು ಮಾಡಲೇಬೇಕಾದ ಕೆಲಸ ಮಾಡದೆ ಕೂತರೆ, ಮಾಡು ಎಂದು ಕೋರ್ಟು ಹೇಳಬಹುದು. ಇಂಥದೇ ತೀರ್ಮಾನ ಕೊಡು ಎಂದು ಹೇಳುವುದಿಲ್ಲ. ಅಪೀಲು ಬಾಕಿ ಇದ್ದವರು ಅಪೀಲಿನಲ್ಲಿ ಕೇಳಬೇಕಾದ್ದನ್ನು ರಿಟ್‌ನಲ್ಲಿ ಕೇಳಿದರೆ ಕೈಯನ್ನೇ ಹಾಕುವುದಿಲ್ಲ. ಹೊಸ ಸಾಕ್ಷಿ ಬೇಕಿದ್ದರೆ ಅಪೀಲಿನಲ್ಲೇ ಅರ್ಜಿ ಕೊಡಬೇಕು, ಮೊದಲು ಯಾಕೆ ತರಲಿಲ್ಲ ಎಂದು ಹೇಳಬೇಕು, ನಂಬುವಂಥ ಆಧಾರ ತೋರಿಸಬೇಕು. ಭೀಮಗೊಂಡ ಮಾಮಾನಿಗೆ ಸಮನ್ಸ್ ಕಳಿಸಿ ಕರೆಸಬಹುದು. ನಿಜ ಹೇಳಿಸುವ ಹುಕುಂ ಮಾತ್ರ ಯಾವ ಕೋರ್ಟಿನಲ್ಲೂ ಇಲ್ಲವಂತೆ.

ನಾನು ಮೆಂಡಿಂಗ್ ಖಾತೆಯಲ್ಲಿ ದಿನವಿಡೀ ಬಟ್ಟೆಯಲ್ಲಿ ನೇಯ್ಗೆ ತಪ್ಪಿ ಬಿದ್ದ ಡಾಗು ತೆಗೆಯುವವಳು. ನನಗೆ ಇದು ಬೇಗ ತಿಳಿಯಿತು. ಹ್ಯಾಂಡಲ್ ಎಳೆದರೆ ಮಗ್ಗ ನಿಲ್ಲುತ್ತದೆ. ನೇಯ್ದು ಆದ ಬಟ್ಟೆಯ ಡಾಗು ಹೋಗಬೇಕಾದರೆ ಕೂತು ಒಂದೊಂದೇ ಎಳೆ ಬಿಚ್ಚಬೇಕು. ನೀವು ನನಗೆ ಕಲಿಸಿದ್ದು ಅದನ್ನೇ ಅಲ್ಲವೇ?

ಪಂಚಮಿ ಕೇಳಿದ್ದಿರಿ. ಮಾಮಾ ಬಂದ, ಅವ್ವ ಅವನ ಮೋಟಾರ್ ಸೈಕಲ್ ಹತ್ತಿದಳು, ಮೂರು ದಿನ ಇದ್ದು ಬಂದಳು. ಉಂಡಿ ತಂದಿದ್ದಳು. ನಾನು ಮುಟ್ಟಲಿಲ್ಲ. ನಿಮ್ಮನ್ನು ಒಳಗೆ ಹಾಕಿಸಿದವನ ಮನೆಯಲ್ಲಿ ಜೋಕಾಲಿ ಆಡಿ ಬರುವ ಅವ್ವನನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ನೀವು ತಡೆಯಬೇಡ ಎನ್ನುತ್ತೀರಿ. ಯಾಕೆ?

ರುತುಜಾ


ಕೊಲ್ಲಾಪುರ ಜೈಲು
ಸೆಪ್ಟೆಂಬರ್ 19

ರುತುಜಾ,

ನೀನೂ ನಿನ್ನ ವಕೀಲಬಾಯಿಯೂ ಸೇರಿ ನನಗೆ ಪಾಠ ಹೇಳುವ ಹೊತ್ತಿಗೆ ಅರ್ಜಿ ಹೋಗಿ ಆಗಿತ್ತು. ಹನ್ನೆರಡು ಪುಟ. ಕೊನೆಗೆ ಸಹಿ, ಕನ್ನಡದಲ್ಲಿ.

ನಿನಗೆ ಅವಸರ ಗೊತ್ತಿಲ್ಲ. ಇಲ್ಲಿ ದಿನ ಎಷ್ಟು ಉದ್ದ ಎಂದು ನಿನಗೆ ಹೇಗೆ ತಿಳಿಯಬೇಕು? ಆ ಜಯಸಿಂಗಪುರದ ಹುಡುಗನಿಗೆ ಈಗ ಎರಡು ಮಕ್ಕಳಂತೆ. ನಿನಗೆ ಇಪ್ಪತ್ತಾರು ಆಯಿತು. ಹುಡುಗ ಕುಡಿಯುವುದಿಲ್ಲ ಎಂದು ನಾನು ಖಾತ್ರಿ ಮಾಡಿಕೊಂಡು ಬಂದೆ, ಅದೊಂದೇ ಕೆಲಸ ಆ ದಿನ ಸರಿಯಾಗಿ ಆಗಿದ್ದು.

ಒಂದೊಂದೇ ಎಳೆ ಬಿಚ್ಚುತ್ತಾ ಕೂರಲು ನನಗೆ ಪುರುಸೊತ್ತಿಲ್ಲ. ದೊಡ್ಡ ಕೋರ್ಟು ಒಂದು ಸಲ ಗುಡುಗಿದರೆ ಸಾಕು, ಭೀಮಗೊಂಡ ತಾನೇ ಬಾಯಿ ಬಿಡುತ್ತಾನೆ. ನಿಮ್ಮವ್ವನನ್ನು ಇದರಲ್ಲಿ ಎಳೆಯಬೇಡ.

ಅಪ್ಪ


ಇಚಲಕರಂಜಿ
ಅಕ್ಟೋಬರ್ 13

ಅಪ್ಪಾ,

ನಿಮ್ಮ ಅರ್ಜಿ ವಜಾ ಆಯಿತು. ಜೈಲಿಗೂ ಪ್ರತಿ ಬಂದಿರುತ್ತದೆ. ಎರಡೇ ಪುಟ. ಅಪೀಲು ಬಾಕಿ ಇದೆ, ಕೇಳಿದ ಪರಿಹಾರಕ್ಕೆ ಅಪೀಲಿನಲ್ಲೇ ದಾರಿ ಇದೆ, ಅಸಾಧಾರಣ ಅಧಿಕಾರ ಬಳಸಲು ಕಾರಣ ಕಾಣುವುದಿಲ್ಲ ಎಂದು ಬರೆದಿದ್ದಾರೆ. ಗುರುಸಿದ್ದ ಕಾಕಾನಿಗೆ ಹೇಳಿ, ಇಷ್ಟು ವರ್ಷ ಎಲ್ಲರ ಅರ್ಜಿ ಬರೆದ ಮನುಷ್ಯ ತಾನು ಇನ್ನೂ ಒಳಗೇ ಯಾಕಿದ್ದಾನೆ ಎಂದು ಒಂದು ಸಲ ವಿಚಾರ ಮಾಡಲಿ.

ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ನಿನ್ನೆ ಅತ್ತೆ. ಇವತ್ತು ಅಳುವುದು ಮುಗಿಯಿತು. ಆದೇಶದ ಕೊನೆಯ ಸಾಲು ನೋಡಿ: ಅಪೀಲಿನಲ್ಲಿ ಯೋಗ್ಯ ಅರ್ಜಿ ಸಲ್ಲಿಸಲು ಅರ್ಜಿದಾರರು ಸ್ವತಂತ್ರರು. ನಾನು ಆ ಸಾಲು ಹಿಡಿದುಕೊಂಡಿದ್ದೇನೆ, ಇನ್ನು ಬಿಡುವುದಿಲ್ಲ. ರುಪಾಲಿ ಮ್ಯಾಡಂ ಕೇಸಿನ ಕಾಗದದ ಇಡೀ ಕಟ್ಟು, ಮುನ್ನೂರ ಹನ್ನೆರಡು ಪುಟ, ನನ್ನ ಕೈಗೆ ಕೊಟ್ಟಿದ್ದಾರೆ.

ಕೊಡುವಾಗ ಒಂದು ಪ್ರಶ್ನೆ ಕೇಳಿದರು. ಅದನ್ನು ಮುಲಾಖತ್ತಿನಲ್ಲಿ ಗಾಜಿನ ಆಚೆ ಈಚೆ ನಿಂತು ಕೇಳಲು ನನಗೆ ಆಗುವುದಿಲ್ಲ, ಅದಕ್ಕೇ ಬರೆಯುತ್ತೇನೆ. "ಅವತ್ತು ಬೆಳಿಗ್ಗೆ ನಿಮ್ಮಪ್ಪ ಮನೆ ಬಿಟ್ಟಿದ್ದನ್ನು ನೋಡಿದವರು ಯಾರು?" ನಾನು ಆಗ ಕೊಲ್ಲಾಪುರದ ಹಾಸ್ಟೆಲಿನಲ್ಲಿದ್ದೆ. ಮನೆಯಲ್ಲಿದ್ದವಳು ಅವ್ವ ಒಬ್ಬಳೇ. ಹಾಗಾದರೆ ನಿಮ್ಮ ಪರ ಸಾಕ್ಷಿ ಹೇಳಿದವರ ಪಟ್ಟಿಯಲ್ಲಿ ಚಹಾದ ಅಂಗಡಿಯವನ ಹೆಸರಿದೆ, ಅವ್ವನ ಹೆಸರು ಯಾಕೆ ಇಲ್ಲ?

ರುತುಜಾ


ಕೊಲ್ಲಾಪುರ ಜೈಲು
ಅಕ್ಟೋಬರ್ 17

ರುತುಜಾ,

ನಾನೇ ಬೇಡ ಎಂದೆ.

ಆಗಿನ ವಕೀಲರು ಕೇಳಿದ್ದರು. ಹೆಂಡತಿಯನ್ನು ನಿಲ್ಲಿಸೋಣ, ಬದಲಿ ಯಾರು ಎಂದು ಅವರೇ ಹೇಳಲಿ ಅಂದರು. ನಿಮ್ಮವ್ವನಿಗೆ ಎಲ್ಲ ಗೊತ್ತು ಎಂದು ನನಗೆ ಗೊತ್ತಿತ್ತು. ಅವಳು ಆ ದಿನದಿಂದ ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಿಲ್ಲ. ಆದರೆ ಅವಳಿಗೆ ಅಪ್ಪ ಅವ್ವ ಇಲ್ಲ. ತವರು ಅಂತ ಇರುವುದು ಆ ತಮ್ಮ ಒಬ್ಬನೇ, ಅವನನ್ನು ಎತ್ತಿ ಆಡಿಸಿದವಳು ಅವಳೇ. ತಮ್ಮನ ಕಡೆ ಬೆರಳು ಮಾಡಿ ತೋರಿಸು ಎಂದು ನಾನು ಯಾವ ಬಾಯಿಂದ ಹೇಳಲಿ? ಹೇಳಿದರೆ ಅವಳು ಪಂಚಮಿಗೆ ಎಲ್ಲಿಗೆ ಹೋಗಬೇಕು?

ಅದಕ್ಕೇ ಮೇಲಿನ ಕೋರ್ಟಿನ ಹುಕುಂ ಬೇಕಿತ್ತು. ಕೋರ್ಟೇ ಅವನನ್ನು ಹಿಡಿದು ತಂದು ಹೇಳಿಸಿದ್ದರೆ, ನಿಮ್ಮವ್ವ ಅವನನ್ನು ತೋರಿಸಿಕೊಟ್ಟ ಹಾಗೆ ಆಗುತ್ತಿರಲಿಲ್ಲ. ಆಗಲಿಲ್ಲ, ಬಿಡು. ಉಳಿದ ವರ್ಷ ಕಳೆಯುತ್ತೇನೆ.

ಈ ಪತ್ರ ಅವಳಿಗೆ ಓದಿ ಹೇಳಬೇಡ. ದೀಪಾವಳಿಗೆ ಅವಳಿಗೆ ಒಂದು ಸೀರೆ ತೆಗೆದುಕೊಡು.

ಅಪ್ಪ


ಇಚಲಕರಂಜಿ
ಅಕ್ಟೋಬರ್ 26

ಅಪ್ಪಾ,

ಓದಿ ಹೇಳಿದೆ. ನೀವು ಬೈದರೆ ಬೈಸಿಕೊಳ್ಳುತ್ತೇನೆ.

ನಡೆದದ್ದನ್ನು ಕ್ರಮವಾಗಿ ಹೇಳುತ್ತೇನೆ. ನಮ್ಮ ಖಾತೆಯಲ್ಲಿ ಗಾಜಿನ ಮೇಜಿದೆ, ಕೆಳಗೆ ಟ್ಯೂಬ್‌ಲೈಟು. ಬಟ್ಟೆಯನ್ನು ಅದರ ಮೇಲೆ ಗೇಣುಗೇಣಾಗಿ ಸರಿಸುತ್ತಾ ನೋಡುತ್ತೇವೆ. ಚೆನ್ನಾಗಿ ಕಾಣುವ ಕಡೆಯೇ ಹೆಚ್ಚು ಹೊತ್ತು ನೋಡಬೇಕು, ಅಲ್ಲೇ ಕಣ್ಣು ಮೋಸ ಹೋಗುತ್ತದೆ ಎಂದು ನಮ್ಮ ಖಾತೆಯ ಹಿರಿಯ ಹೆಂಗಸು ಹೇಳುತ್ತಾರೆ. ಕೇಸಿನ ಕಾಗದಗಳನ್ನು ಊಟದ ಬಿಡುವಿನಲ್ಲಿ ಹಾಗೇ ನೋಡುತ್ತಾ ಹೋದೆ. ನೂರ ಎಂಬತ್ತೇಳನೆಯ ಪುಟ ನಿಮ್ಮ ಫೋನಿನ ಕರೆಗಳ ಪಟ್ಟಿ. ಟವರು ಯಡ್ರಾವ ಎಂದು ತೋರಿಸಲು ಪೊಲೀಸರು ಹಾಕಿದ್ದು. ಎಲ್ಲರೂ ಟವರಿನ ಕಾಲಮ್ ಅಷ್ಟೇ ನೋಡಿದ್ದಾರೆ. ಆಬಾಸಾಹೇಬರು ಸತ್ತದ್ದು ಹನ್ನೆರಡರ ಸುಮಾರಿಗೆ. ಹನ್ನೆರಡು ಹತ್ತಕ್ಕೆ ನಿಮ್ಮ ಫೋನಿನಿಂದ ಒಂದು ನಂಬರಿಗೆ ಏಳು ನಿಮಿಷ ಮಾತಾಡಿದ್ದಾರೆ. ಆ ನಂಬರು ಯಾರದು ಎಂದು ಇಷ್ಟು ವರ್ಷದಲ್ಲಿ ಒಬ್ಬರೂ ಕೇಳಿಲ್ಲ.

ಮನೆಗೆ ಬಂದು ಅವ್ವನಿಗೆ ತೋರಿಸಿದೆ. ಅವಳು ನೋಡಿ ಒಳಗೆ ಹೋಗಿ ಒಲೆ ಹಚ್ಚಿದಳು, ಹಾಲಿಟ್ಟಳು, ಉಕ್ಕಿದಾಗ ಇಳಿಸಿದಳು. ಆಮೇಲೆ, "ಕಾಂಚನಾಂದ ಹಳೇ ನಂಬರ" ಅಂದಳು. ಭೀಮಗೊಂಡ ಮಾಮಾನ ಹೆಂಡತಿಯದು. ನೀವು ಕಾಂಚನ ಮಾಮಿ ಎದುರು ಬಂದರೆ ತಲೆ ಬಗ್ಗಿಸಿ ಆಚೆ ಹೋಗುವವರು. ಅವಳ ಜೊತೆ ಏಳು ನಿಮಿಷ ಮಾತಾಡಿದವರು ನೀವಲ್ಲ. ಗಂಡ ಹೆಂಡತಿಗೆ ಫೋನ್ ಮಾಡಿದ್ದು. ಆಗಲೇ ನಾನು ನಿಮ್ಮ ಪತ್ರ ತೆಗೆದು ಓದಿದೆ.

ಮರುದಿನವೇ ದೀಪಾವಳಿಯ ಸೋದರ ಬಿದಿಗೆ, ಭಾವುಬೀಜ. ಮಾಮಾ ಪ್ರತಿ ವರ್ಷದಂತೆ ಬಂದ. ಅವ್ವ ಮಣೆ ಹಾಕಿ ಕೂರಿಸಿದಳು, ವಿಭೂತಿ ಹಚ್ಚಿದಳು, ಆರತಿ ಬೆಳಗಿದಳು. ಅವನು ಚೀಲದಿಂದ ಸೀರೆ ತೆಗೆದು ತಟ್ಟೆಯಲ್ಲಿಟ್ಟ. ಅವ್ವ ಮುಟ್ಟಲಿಲ್ಲ.

"ಸೀರಿ ಬ್ಯಾಡೋ ಭೀಮ್ಯಾ. ಈ ಸಲ ನಾ ಬೇಡಿದ್ದ ಕೊಡು."

"ಏನ್ ಬೇಕ ಹೇಳಕ್ಕಾ."

"ಕೊಲ್ಲಾಪುರಕ್ಕ ಬಾ. ಅವತ್ತ ಶೆಡ್ಡಿನಾಗ ನಾ ಇದ್ನಿ ಅಂತ ಒಂದ ಮಾತ ಹೇಳು."

ಮಾಮಾ ಸೀರೆಯ ತಟ್ಟೆಯನ್ನು ಅವ್ವನ ಕಡೆ ಸರಿಸಿದ. "ಹೇಳಿದ್ರ ನನ್ನ ಒಳಗ ಹಾಕ್ತಾರ. ನನಗೂ ಎರಡ ಮಕ್ಕಳ ಅದಾವ."

"ನೀ ಕೊಂದಿಲ್ಲಲ್ಲ. ಮುಕಾದಮ ಪಾವಟಿಗಿ ಮೆಟ್ಟಲ ಮ್ಯಾಲಿಂದ ಜಾರಿ ಬಿದ್ದಾನ ಅಂತ ನೀನ ನನಗ ಹೇಳಿದ್ದಿ."

"ಖರೆ ಐತಿ. ಆದ್ರ ಯಾರ ನಂಬ್ತಾರ?"

"ನಾ ನಂಬಿದ್ನಿ" ಅಂದಳು ಅವ್ವ.

ಅವನು ಎದ್ದು ಹೋದ. ಸೀರೆ ತಟ್ಟೆಯಲ್ಲೇ ಉಳಿಯಿತು. ಅಪ್ಪಾ, ನಾನು ಬಾಗಿಲಲ್ಲೇ ನಿಂತಿದ್ದೆ. ಅವ್ವ ಆ ತಟ್ಟೆಯನ್ನು ಹಾಗೇ ಎತ್ತಿಟ್ಟಳು. ನಿನ್ನೆ ನನ್ನ ಹತ್ತಿರ ಒಂದು ಪೆನ್ನು ಕೇಳಿ ತೆಗೆದುಕೊಂಡಿದ್ದಾಳೆ.

ರುತುಜಾ


ಇಚಲಕರಂಜಿ
ನವೆಂಬರ್ 9

ರುತುಜಾನ ಅಪ್ಪಗ ಇಂದುಬಾಯಿ ಬರಿಯೂದು.

ನಾ ನಾಕನೇತ್ತೆ ತನಕ ಕಲಿತಾಕಿ. ಇದನ್ನ ಬರಿಯಾಕ ಭಾಳ ದಿನ ಹಿಡಿದೈತಿ. ಮಾತಾಡಿದಂಗ ಬರಿತೇನಿ, ಬ್ಯಾರೆ ನನಗ ಬರೂದಿಲ್ಲ. ತಪ್ಪಿದ್ರ ನಗಬ್ಯಾಡ್ರಿ.

ಆವತ್ತ ಮುಂಜಾನೆ ನಾ ಎರಡ ಬುತ್ತಿ ಕಟ್ಟಿದ್ನಿ. ಕೆಂಪ ಅರಿವ್ಯಾಗ ನಿಮಗ ಜಯಸಿಂಗಪುರಕ್ಕ. ನೀಲಿ ಅರಿವ್ಯಾಗ ಭೀಮಗೊಂಡಗ ಶೆಡ್ಡಿಗೆ. ಎರಡರಾಗೂ ಜ್ವಾಳದ ರೊಟ್ಟಿ, ಬದನಿಕಾಯಿ ಪಲ್ಯ, ಶೇಂಗಾ ಚಟ್ನಿ. ಮಧ್ಯಾಹ್ನ ಒಂದಕ್ಕ ಅಂವ ಓಡಿ ಬಂದ. ನೀಲಿ ಗಂಟ ಬಿಚ್ಚಿರಲಿಲ್ಲ. ಗಂಟ ಹೊಸ್ತಿಲದಾಗ ಇಟ್ಟ. ಮುಕಾದಮ ನೂಲ ಸುತ್ತಿದ ಬೀಮ್ ಇಳಸೂಮುಂದ ಪಾವಟಿಗಿ ಮ್ಯಾಲ ಕಾಲ ಜಾರಿ ಬಿದ್ದ, ತಲಿಗೆ ಕಬ್ಬಣ ಬಡೀತು, ಎಬ್ಬಿಸಿದ್ರ ಏಳವಲ್ಲ ಅಂದ. ದವಾಖಾನಿಗೆ ಒಯ್ಯೂದ ಬಿಟ್ಟ ಯಾಕ ಬಂದಿ ಅಂದ್ನಿ. ಅಂಜಿಕಿ ಬಂತು ಅಂದ. ನಿಮ್ಮ ಫೋನ್ ಇಟ್ಟ ಗಡಹಿಂಗ್ಲಜ ಬಸ್ ಹತ್ತಿದ. ಆ ರೊಟ್ಟಿ ನಾ ಆಕಳಿಗೆ ಹಾಕಿದ್ನಿ.

ಸಂಜಿಗೆ ನೀವ ಬಂದ್ರಿ. ಹುಡುಗ ಚಲೋ ಅದಾನ ಅಂತ ನಕ್ಕೋತ ಬಂದ್ರಿ. ನಾ ಬಾಯಿ ತಗಿಯೂದರಾಗ ಪೊಲೀಸ್ರು ಬಂದ್ರು. ನಿಮ್ಮ ಗಂಡ ಮಧ್ಯಾಹ್ನ ಎಲ್ಲಿದ್ದ ಅಂತ ನನ್ನ ಕೇಳಿದ್ರು. ಗೊತ್ತಿಲ್ರಿ ಅಂದ್ನಿ. ಜಯಸಿಂಗಪುರ ಅಂದ್ರ, ಶೆಡ್ಡಿನಾಗ ಮತ್ತ ಯಾರಿದ್ರು ಅಂತ ಕೇಳ್ತಾರ, ಅದಕ್ಕ. ಎರಡ ದಿನದಾಗ ನಿಮ್ಮನ್ನ ಬಿಡ್ತಾರ, ಅಷ್ಟರಾಗ ತಮ್ಮನ ಅಂಜಿಕಿ ಹೋಗ್ತೈತಿ ಅಂತ ತಿಳಕೊಂಡಿದ್ನಿ. ಎರಡ ದಿನ ಹೋಗಿ ನಾಕ ವರ್ಷ ಮ್ಯಾಲಾತು.

ಪಂಚಮಿಗೆ ಪ್ರತಿ ವರ್ಷ ಹೋದ್ನಿ. ಜೋಕಾಲಿ ಆಡಾಕ ಹೋಗ್ಲಿಲ್ರಿ. ಇವತ್ತ ಹೇಳ್ತಾನ, ಊಟ ಆದ ಮ್ಯಾಲ ಹೇಳ್ತಾನ, ಬಿಡಾಕ ಬರೂಮುಂದ ಹಾದ್ಯಾಗ ಹೇಳ್ತಾನ ಅಂತ ದಾರಿ ನೋಡಿದ್ನಿ. ಅಂವ ಹೇಳಲಿಲ್ಲ. ನಾ ಕೇಳಲಿಲ್ಲ. ಮಗಳ ನನ್ನ ಮ್ಯಾಲ ಸಿಟ್ಟ ಆಗ್ಯಾಳ, ಅದರಾಗ ಆಕಿ ತಪ್ಪಿಲ್ಲ.

ನೀವ ನನ್ನ ತವರ ಉಳಸಾಕ ಕೋರ್ಟಿಗೆ ಹುಕುಂ ಕೇಳಿದ್ರಿ ಅಂತ ಆಕಿ ಓದಿ ಹೇಳಿದ್ಲು. ಮೊದಲ ಅಳು ಬಂತ್ರಿ. ಆಮ್ಯಾಲ ಸಿಟ್ಟ ಬಂತು. ನನ್ನ ಒಂದ ಮಾತ ಕೇಳದ, ಹತ್ತ ವರ್ಷ ಜೈಲ ತಗೊಂಡ ನನಗ ತವರ ಕೊಡಂತ ನಿಮಗ ಯಾರ ಹೇಳಿದ್ರು? ಅಂಥಾ ಪಂಚಮಿ ಉಂಡಿ ನನಗ ಗಂಟಲದಾಗ ಇಳಿಯೂದಿಲ್ಲ.

ತಮ್ಮನ ಬಾಯಿಂದ ಹೇಳಿಸೂದು ಕೋರ್ಟಿಗೂ ಆಗೂದಿಲ್ಲಂತ. ನನ್ನ ಬಾಯಿ ನನ್ನ ಹತ್ರ ಐತಿ. ನಾ ಕಂಡದ್ದ ನಾ ಹೇಳ್ತೇನಿ. ಮೊದಲ ಯಾಕ ಹೇಳಲಿಲ್ಲ ಅಂತ ಕೇಳಿದ್ರ, ಇದನ್ನೆಲ್ಲಾ ಹೇಳ್ತೇನಿ.

ಇಂದುಬಾಯಿ


ಕೊಲ್ಲಾಪುರ ಜೈಲು
ನವೆಂಬರ್ 18

ಇಂದೂ,

ನಿನ್ನ ಪತ್ರ ಬಂದಾಗಿನಿಂದ ಅಂಗಿಯ ಕಿಸೆಯಲ್ಲೇ ಇದೆ. ನಾನು ನಗಲಿಲ್ಲ.

ಆದರೆ ನೀನು ಹೋಗಬೇಡ. ಕೋರ್ಟಿನಲ್ಲಿ ಎದುರಿನ ವಕೀಲರು ನಿನ್ನನ್ನು ಸುಳ್ಳುಗಾತಿ ಎನ್ನುತ್ತಾರೆ, ಗಂಡನನ್ನು ಬಿಡಿಸಲು ತಮ್ಮನನ್ನು ಸಿಗಿಸುತ್ತಾಳೆ ಎನ್ನುತ್ತಾರೆ. ಅದನ್ನು ನೀನು ನಿಂತು ಕೇಳುವುದು ನನಗೆ ಬೇಡ. ಗಡಹಿಂಗ್ಲಜದ ಬಾಗಿಲು ಒಂದು ಸಲ ಮುಚ್ಚಿದರೆ ಮತ್ತೆ ತೆರೆಯುವುದಿಲ್ಲ. ನನಗೆ ಇಲ್ಲಿ ಅಭ್ಯಾಸ ಆಗಿದೆ. ಇದು ನನ್ನ ಮಾತು ಎಂದು ತಿಳಿ, ಹುಕುಂ ಎಂದು ತಿಳಿ. ಹೋಗಬೇಡ.

ಸಿದ್ರಾಮ


ಇಚಲಕರಂಜಿ
ನವೆಂಬರ್ 29

ರುತುಜಾನ ಅಪ್ಪಗ,

ನಿಮ್ಮ ಹುಕುಂ ಮುಟ್ಟಿತು. ವಜಾ ಮಾಡೇನಿ.

ನಿನ್ನೆ ಕೊಲ್ಲಾಪುರಕ್ಕ ಹೋಗಿ ವಕೀಲಬಾಯಿ ಮುಂದ ಎಲ್ಲಾ ಹೇಳಿ ಸಹಿ ಮಾಡಿ ಬಂದ್ನಿ. ಹೆಬ್ಬಟ್ಟ ಒತ್ತತೀರಿ ಏನು ಅಂತ ಕೇಳಿದ್ರು. ಇಲ್ರಿ, ಸಹಿ ಮಾಡ್ತೇನಿ ಅಂದ್ನಿ.

ಮಂಡಿಗೆ ಎಣ್ಣಿ ಹಚ್ಚಿ ತಿಕ್ಕೋರಿ.

ಇಂದುಬಾಯಿ


ಗಡಹಿಂಗ್ಲಜ
ಡಿಸೆಂಬರ್ 20

ಅಕ್ಕಾ,

ಕೋರ್ಟಿನ ಕಾಗದ ಬಂತು. ನಿನ್ನ ಸಹಿ ನೋಡಿದೆ.

ನಾನು ಏನು ತಪ್ಪು ಮಾಡಿದೆ? ಭಾವ ಬಾ ಅಂದರು, ಬದಲಿ ನಿಂತೆ. ಒಂದು ದಿನದ ಕೂಲಿಗೆ ಜನ್ಮ ಹಾಳಾಯಿತು. ಅವತ್ತಿನಿಂದ ನಾನು ಯಾವ ಶೆಡ್ಡಿನ ಮೆಟ್ಟಿಲೂ ಹತ್ತಿಲ್ಲ. ಕಾಂಚನ ಎರಡು ದಿನದಿಂದ ಒಲೆ ಹಚ್ಚಿಲ್ಲ. ನಿನಗೆ ಗಂಡ ಬೇಕಾದ, ತಮ್ಮ ಬೇಡವಾದ. ಮುಂದಿನ ಪಂಚಮಿಗೆ ಕರೆಯಲು ಬರುವುದಿಲ್ಲ. ದಾರಿ ನೋಡಬೇಡ.

ಭೀಮಗೊಂಡ


ಇಚಲಕರಂಜಿ
ಮಾರ್ಚ್ 6

ಅಪ್ಪಾ,

ಜೈಲಿಗೆ ಆದೇಶ ಮುಟ್ಟುವ ಮೊದಲು ಈ ಪತ್ರ ಮುಟ್ಟಿದರೆ ಮುಟ್ಟಲಿ ಎಂದು ಕೋರ್ಟಿನ ಮೆಟ್ಟಿಲ ಮೇಲೆ ಕೂತೇ ಬರೆಯಲು ಶುರು ಮಾಡಿದೆ, ಮನೆಗೆ ಬಂದು ಮುಗಿಸುತ್ತಿದ್ದೇನೆ.

ನಮ್ಮ ಅರ್ಜಿ ಮಂಜೂರಾಯಿತು. ಅವ್ವನ ಸಾಕ್ಷಿಯನ್ನು ಕೆಳಗಿನ ಕೋರ್ಟು ಬರೆದುಕೊಂಡು ಹೈಕೋರ್ಟಿಗೆ ಕಳಿಸಬೇಕು. ಮಾಮಾನನ್ನೂ ಕಾಂಚನ ಮಾಮಿಯನ್ನೂ ಸಮನ್ಸ್ ಕೊಟ್ಟು ಕರೆಸಬೇಕು. ಅಪೀಲು ತೀರ್ಮಾನ ಆಗುವವರೆಗೆ ನಿಮ್ಮ ಶಿಕ್ಷೆಗೆ ತಡೆ, ಜಾಮೀನಿನ ಮೇಲೆ ಬಿಡುಗಡೆ. ನ್ಯಾಯಮೂರ್ತಿಗಳು ನೂರ ಎಂಬತ್ತೇಳನೆಯ ಪುಟ ತೆಗೆಸಿ, ಆ ಏಳು ನಿಮಿಷದ ಸಾಲಿನ ಮೇಲೆ ಬೆರಳಿಟ್ಟು ಓದಿದರು. ಆಮೇಲೆ ಅವ್ವನ ಪ್ರಮಾಣಪತ್ರ ಓದಿದರು. ಕೆಂಪು ಅರಿವೆ, ನೀಲಿ ಅರಿವೆ ಎಲ್ಲ.

ಯಾರೂ ಗುಡುಗಲಿಲ್ಲ ಅಪ್ಪಾ. ಸರತಿಯಲ್ಲಿ ನಲವತ್ತೊಂದನೆಯ ನಂಬರಿಗೆ ನಮ್ಮ ಹೆಸರು ಬಂತು, ಹದಿನೈದು ನಿಮಿಷದಲ್ಲಿ ಮುಗಿಯಿತು.

ಹೊರಗೆ ಬಂದಾಗ ರುಪಾಲಿ ಮ್ಯಾಡಂ ಅವ್ವನ ಕೈ ಹಿಡಿದು, "ತುಮ್ಹೀ ಜಿಂಕಲಾತ, ಇಂದುಬಾಯಿ" ಅಂದರು. ಗೆದ್ದಿರಿ ಅಂತ. ಅವ್ವ ನಗಲಿಲ್ಲ. "ಗಡಹಿಂಗ್ಲಜ ಬಸ್ ಇಲ್ಲಿಂದನ ಹೋಗ್ತಾವೇನ್ರಿ?" ಎಂದು ಕೇಳಿದಳು. ಹತ್ತಲು ಕೇಳಿದ್ದಲ್ಲ. ಸುಮ್ಮನೆ ಬೋರ್ಡು ನೋಡುತ್ತಾ ನಿಂತಳು. ಆಗ ನಾನು ಅವಳ ಕೈಯಿಂದ ಚೀಲ ತೆಗೆದುಕೊಂಡೆ. ಈ ವರ್ಷ ಅವಳು ಉಂಡಿ ಮಾಡಿದರೆ ನಾನು ತಿನ್ನುತ್ತೇನೆ.

ಬರುವಾಗ ಗೇಟಿನಲ್ಲಿ ಯಾರಾದರೂ ಹೆಸರು ಕೇಳಿದರೆ ಸಿದ್ರಾಮ ಎಂದೇ ಹೇಳಿ. ಬಾಳಗೊಂಡ ಎನ್ನಬೇಡಿ.

ನಿಮ್ಮ ರುತುಜಾ


ಇಚಲಕರಂಜಿ
ಆಗಸ್ಟ್ 9

ಭೀಮಗೊಂಡಗ ಅಕ್ಕ ಬರಿಯೂದು.

ಈ ಸಲ ಅಧಿಕ ಮಾಸ ಬಂದ ಪಂಚಮಿ ತಡಾ ಆಗೇತಿ. ಕರಿಯಾಕ ಬರೂದಿಲ್ಲ ಅಂತ ನೀ ಬರದ ಕಾಗದ ನನ್ನ ಹತ್ರ ಐತಿ. ದಾರಿ ನೋಡಾಂಗಿಲ್ಲ.

ಜೂನದಾಗ ಕೋರ್ಟಿನಾಗ ನನ್ನ ಎರಡ ತಾಸ ನಿಂದರಿಸಿ ಕೇಳಿದ್ರು. ಎದುರಿನ ವಕೀಲ ಸುಳ್ಳ ಹೇಳತಿ ಅಂದ. ಇಷ್ಟ ವರ್ಷ ಹೇಳದ ಇದ್ದದ್ದ ನನ್ನ ಸುಳ್ಳರಿ, ಇದ ಖರೆ ಅಂದ್ನಿ. ಕಾಂಚನಾ ಫೋನ್ ತನ್ನದು ಅಂತ ಒಪ್ಪಿದ್ಲು, ಯಾರ ಮಾತಾಡಿದ್ರು ಅನ್ನೂದ ಹೇಳಲಿಲ್ಲ, ಅತ್ತಳು. ಆಕಿಗೆ ನಾ ಸಿಟ್ಟ ಆಗಿಲ್ಲ ಅಂತ ಹೇಳು. ನಿನ್ನ ಸರತಿಗೆ ನೀ, ನೆನಪಿಲ್ಲ ಅಂದಿ. ಮೊದಲ ನೀ, ನಾ ಅಲ್ಲಿ ಇದ್ದಿಲ್ಲ ಅಂತಿದ್ದಿ. ಇದ್ದಿಲ್ಲ ಅನ್ನೂದ ಬಿಟ್ಟ ನೆನಪಿಲ್ಲ ಅನ್ನಾಕ ನಿನಗ ಐದ ವರ್ಷ ಹಿಡೀತು. ಹೊರಗ ಬಂದಾಗ ನಿನ್ನ ಅಂಗಿ ಬೆವರಿಲೆ ಪೂರ್ತಿ ಒದ್ದಿ ಆಗಿತ್ತು. ನಾ ನೋಡಿದ್ನಿ.

ಅಪೀಲ ಇನ್ನೂ ಮುಗದಿಲ್ಲ. ಮುಂದ ಏನಾಗತೈತೋ ಗೊತ್ತಿಲ್ಲ. ಕೋರ್ಟಿನವರು ನಿನ್ನ ಕರಸಿದ್ರು, ಮಾತಾಡಸಾಕ ಆಗಲಿಲ್ಲ. ಅದ ಅವರ ಕೈಯಾಗಿಂದಲ್ಲ. ನನ್ನ ಕೈಯಾಗಿಂದೂ ಅಲ್ಲ. ಅದನ್ನ ಕೇಳಾಕ ಈ ಕಾಗದ ಬರದಿಲ್ಲ.

ನೀ ಕರಿಯಾಕ ಬರೂದಿಲ್ಲ ಅಂದ ಮ್ಯಾಲ ನಾನ ಬರತೇನಿ. ನಾ ಹುಟ್ಟಿದ ಮನಿಗೆ ಬರಾಕ ನನಗ ಯಾರ ಹುಕುಂ ಬೇಕು? ಹದಿನೇಳಕ್ಕ ಸೋಮವಾರ ಪಂಚಮಿ, ಮುಂಜಾನೆ ಒಂಬತ್ತರ ಬಸ್ಸಿಗೆ ಹೊಂಡತೇನಿ. ರುತುಜಾನ ಅಪ್ಪನೂ ಬರತೇನಿ ಅಂತಾರ. ಬ್ಯಾಡ ಅಂದ್ರ ಕೇಳವಲ್ರು. ಅವರು ನಿನಗ ಬೈಯೂದಿಲ್ಲ. ಬದಲಿ ನಿಂದರಸಿದ್ದ ನಂದೂ ತಪ್ಪ ಅಂತ ಅವರ ಹೇಳಬೇಕಂತ. ಬಾಗಲಾ ತಗದ್ರ ಒಳಗ ಬರತೇವಿ. ತಗೀಲಿಲ್ಲಂದ್ರ ಹೊರಗ ಕಟ್ಟಿ ಮ್ಯಾಲ ಕುಂಡರತೇವಿ, ಸಂಜಿ ಬಸ್ಸಿಗೆ ಹೊಳ್ಳಿ ಹೋಗತೇವಿ. ಮತ್ತ ದೀಪಾವಳಿಗೆ ಬರತೇವಿ.

ನೀಲಿ ಅರಿವಿ ಇನ್ನೂ ಐತಿ. ಒಗದ ಇಟ್ಟೇನಿ. ಜ್ವಾಳದ ರೊಟ್ಟಿ, ಬದನಿಕಾಯಿ ಪಲ್ಯ, ಶೇಂಗಾ ಚಟ್ನಿ ಕಟ್ಟಕೊಂಡ ಬರತೇನಿ. ಆವತ್ತ ನೀ ಉಣ್ಣದನ ಓಡಿ ಹೋದಿ. ಖರೆ ಹೇಳಿದ ಮ್ಯಾಲ ಉಣ್ಣು ಅನ್ನೂದಿಲ್ಲ. ಮೊದಲ ಉಣ್ಣು. ನೀ ಅವತ್ತಿನಿಂದ ಹಸದ ಅದಿ ಅಂತ ನನಗ ಗೊತ್ತೈತಿ.

ನಿನ್ನ ಅಕ್ಕ
ಇಂದು